ದಸೂಕಿ ಕಲಿತ ಇಲೊಯಿಲೊ ರಾಗ

ಪೋರ್ಟ್ ಸೈದಿನ ದೋಣಿಯವರಿಗೆ ಪರದೇಶದ ಭಾಷೆಗಳೆಂದರೆ ಜೇಬಿನಲ್ಲಿಟ್ಟ ಕಡಲೆಕಾಯಿ. ಯಾವ ದೇಶದ ಹಡಗು ಬಂದರೂ ಆ ದೇಶದ ಹತ್ತಿಪ್ಪತ್ತು ಮಾತು ಬಾಯಲ್ಲಿ ಸಿದ್ಧವಾಗಿರುತ್ತದೆ. ಗ್ರೀಕನಿಗೆ ಅಣ್ಣ ಅನ್ನುತ್ತಾರೆ, ರಷ್ಯದವನಿಗೆ ಅಗ್ಗ ಅನ್ನುತ್ತಾರೆ, ಕೊರಿಯದವನಿಗೆ ಒಳ್ಳೇ ಮಾಲು ಅನ್ನುತ್ತಾರೆ, ಉಳಿದದ್ದನ್ನು ನಗು ನೋಡಿಕೊಳ್ಳುತ್ತದೆ. ಅಷ್ಟರಲ್ಲೇ ವ್ಯಾಪಾರ ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ಕಲಿಯಲು ಕೂರುವವನು ಬೆಪ್ಪ ಎಂದೇ ಬಂದರಿನಲ್ಲಿ ಎಲ್ಲರ ಅಭಿಪ್ರಾಯ. ಆ ಲೆಕ್ಕದಲ್ಲಿ ನಮ್ಮೂರಿನ ಅತಿ ದೊಡ್ಡ ಬೆಪ್ಪ ದಸೂಕಿ. ಅವನು ನಮ್ಮೂರಿನವನು ಎಂದು ಹೇಳಿಕೊಳ್ಳುವಾಗ ಇವತ್ತಿಗೂ ಎದೆ ಒಂದಿಷ್ಟು ಉಬ್ಬುತ್ತದೆ.

ನಮ್ಮೂರಿನಿಂದ ಸುಯೆಜ್ ಕಾಲುವೆ ದಾಟುವ ಹಡಗು ಹಗ್ಗ ಕಟ್ಟುವ ಕೆಲಸಕ್ಕೆಂದು ಊರಿನ ದೋಣಿಯವರನ್ನು ಹತ್ತಿಸಿಕೊಳ್ಳಬೇಕು. ಹಡಗಿನ ಕ್ರೇನು ಅವರ ದೋಣಿಯನ್ನೇ ಮೇಲೆತ್ತಿ ಪಕ್ಕಕ್ಕೆ ತೂಗುಹಾಕುತ್ತದೆ. ಕಾಲುವೆಯ ಆಚೆ ತುದಿಯ ಸುಯೆಜ್ ಮುಟ್ಟುವವರೆಗೆ ಹಗ್ಗದ ಕೆಲಸ ಬೀಳುವುದು ಅಪರೂಪ, ಹಾಗಾಗಿ ಅವರು ಹಡಗಿನ ಓಣಿಯಲ್ಲೇ ಬಟ್ಟೆ ಹಾಸಿ ತೊಗಲಿನ ಒಂಟೆ, ಹಿತ್ತಾಳೆ ತಟ್ಟೆ, ಬಣ್ಣದ ಪಟಗಳನ್ನು ಹರಡಿ ಕೂರುತ್ತಾರೆ. ನಾವಿಕರು ಮೊದಲು ಮಾಡುವ ಕೆಲಸವೆಂದರೆ ತಮ್ಮ ಕೋಣೆಗಳಿಗೆ ಬೀಗ ಜಡಿಯುವುದು. ಆಮೇಲೆ ಒಬ್ಬನನ್ನು ಕಾವಲಿಗೆ ನಿಲ್ಲಿಸುತ್ತಾರೆ. ಸುಳ್ಳೇಕೆ ಹೇಳಲಿ, ನಮ್ಮವರಲ್ಲಿ ಕೈ ಸ್ವಲ್ಪ ಉದ್ದ ಇದ್ದವರೂ ಇದ್ದರು. ಆದರೆ ದಸೂಕಿ ಒಂದು ಸೂಜಿಯನ್ನೂ ಮುಟ್ಟಿದವನಲ್ಲ. ಅವನ ಅಪ್ಪನೂ ಮುಟ್ಟಿರಲಿಲ್ಲ. ಆ ಕಾವಲಿನವನು ತನ್ನ ಕೈಯನ್ನೇ ನೋಡುತ್ತ ನಿಲ್ಲುವುದು ಅವನಿಗೆ ಸಹಿಸಲಾರದ ಅವಮಾನವಾಗಿತ್ತು. ಇವರಲ್ಲಿ ಒಬ್ಬನಾದರೂ ಒಂದು ದಿನ ನನ್ನನ್ನು ತಮ್ಮವನೆಂದು ತಿಳಿಯಬೇಕು ಎಂಬ ಹುಚ್ಚು ಆಸೆ ಅಲ್ಲಿಂದ ಹುಟ್ಟಿದ್ದು.

ಆಗ ಅವನಿಗೆ ನಲವತ್ತು ದಾಟಿತ್ತು. ಆ ಚಳಿಗಾಲದಲ್ಲಿ ಮಾಲೀಕರ ಜಗಳದಿಂದಾಗಿ ಒಂದು ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತುಬಿಟ್ಟಿತು. ಅದಕ್ಕೆ ರೊಟ್ಟಿ, ನೀರು, ತರಕಾರಿ ಸಾಗಿಸುವ ಕೆಲಸ ದಸೂಕಿಯ ದೋಣಿಗೆ ಬಂತು. ಹಡಗಿನವರೆಲ್ಲ ಫಿಲಿಪೀನ್ಸಿನವರು, ಅದರಲ್ಲೂ ಇಲೊಯಿಲೊ ಎಂಬ ಬಂದರಿನ ಸುತ್ತಮುತ್ತಲವರು. ಅವರ ಮುಖ್ಯಸ್ಥ ಕ್ರಿಸಾಂತೊ ಎಂಬ ಮುದುಕ. ಅವರು ತಮ್ಮತಮ್ಮಲ್ಲಿ ಆಡುತ್ತಿದ್ದ ಇಲೊಂಗೊ ಮಾತು ದಸೂಕಿಯ ಕಿವಿಗೆ ಬಿದ್ದದ್ದೇ ತಡ, ಅವನು ಮೂಟೆ ಇಳಿಸುವುದನ್ನು ಮರೆತು ನಿಂತ. ನಮ್ಮ ರಾಜಧಾನಿಯ ಭಾಷೆ ಕಲಿ, ನಮ್ಮ ದೇಶದವರಿರುವ ಎಲ್ಲ ಹಡಗಿನಲ್ಲೂ ನಡೆಯುತ್ತದೆ ಎಂದು ಕ್ರಿಸಾಂತೊ ಬುದ್ಧಿ ಹೇಳಿದ. ದಸೂಕಿ ಕೇಳಲಿಲ್ಲ. ಮದುವೆ ಮನೆಗಳಲ್ಲಿ ಸಿಮ್ಸಿಮಿಯ್ಯಾ ತಂತಿವಾದ್ಯದ ಜೊತೆಗೆ ತಮಟೆ ಬಾರಿಸುತ್ತಿದ್ದವನು ಅವನು. ಕಿವಿ ಒಮ್ಮೆ ಒಪ್ಪಿದ್ದನ್ನು ಬಿಡುವ ಜಾಯಮಾನ ಅವನದಲ್ಲ.

ಮಾತನ್ನು ಕಲಿಯುವ ಮೊದಲು ಅವನು ಅದರ ರಾಗವನ್ನು ಕಲಿತ. ಬಾಯಿ ಮುಚ್ಚಿಕೊಂಡು, ಒಂದು ಶಬ್ದವೂ ಇಲ್ಲದೆ, ಬರೀ ಏರಿಳಿತವನ್ನು ಮೂಗಿನಲ್ಲಿ ಗುನುಗುತ್ತ ಮನೆಯೆಲ್ಲ ತಿರುಗುತ್ತಿದ್ದ. ಅವನ ಹೆಂಡತಿ ಇನ್ಶಿರಾಹ್ ಇವರಿಗೆ ಹಲ್ಲುನೋವು ಎಂದುಕೊಂಡು ಲವಂಗ ತಂದುಕೊಟ್ಟಳು. ಆಮೇಲೆ ಶುರುವಾಯಿತು ನಮ್ಮ ಅರಬ್ಬರ ಹಳೇ ಕಾಯಿಲೆ. ನಮ್ಮ ಬಾಯಲ್ಲಿ ಪ ಹುಟ್ಟುವುದಿಲ್ಲ, ಹುಟ್ಟುವುದೆಲ್ಲ ಬ. ಕ್ರಿಸಾಂತೊ ಸಿಗರೇಟು ಸುತ್ತುವ ತೆಳು ಕಾಗದವೊಂದನ್ನು ಅವನ ತುಟಿಯ ಮುಂದೆ ಹಿಡಿದು, ಕಾಗದ ಅಲುಗಿದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದ. ದಸೂಕಿ ಹುಟ್ಟು ಹಾಕುವಾಗಲೂ ತುಟಿಗೆ ಕಾಗದ ಅಂಟಿಸಿಕೊಂಡು ಪಪಪ ಅನ್ನುತ್ತ ಹೋಗುವುದನ್ನು ಕಂಡು ದಡದ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಜೊತೆಗಾರ ತುಲ್ಬಾ ಅಂತೂ, ಒಂಟೆ ಮಾರೋಕೆ ನಾಲಿಗೆಗೆ ಪಾಲಿಶ್ ಯಾಕೆ ಬೇಕು ಎಂದು ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಮೆದುತನ. ಇಲೊಯಿಲೊದವರು ಬೈದರೂ ಜೋಗುಳ ಹಾಡಿದ ಹಾಗಿರುತ್ತದೆ. ದಸೂಕಿಯದೋ, ಬಂದರಿನ ಆಚೆ ದಡದ ದೋಣಿಯನ್ನು ನಿಲ್ಲಿಸುವ ಗಂಟಲು. ಅದನ್ನು ಪಳಗಿಸಲು ಅವನು ತಾರಸಿಯ ಮೇಲೆ ಒಬ್ಬನೇ ಕೂತು ಅಭ್ಯಾಸ ಮಾಡುತ್ತಿದ್ದಾಗ, ಬಟ್ಟೆ ಒಣಹಾಕಲು ಬಂದ ಇನ್ಶಿರಾಹ್ ಬಾಗಿಲಲ್ಲೇ ನಿಂತು, ಮಗಳ ಹೆಸರು ಹಿಡಿದು ಗಂಡನನ್ನು ಕರೆದಳು.

"ಸಮಾಹಳ ಅಪ್ಪಾ, ನಿಜ ಹೇಳ್ಬಿಡಿ. ಯಾರವಳು?"

"ಯಾವಳೂ ಇಲ್ಲ ಕಣೇ. ಹಗ್ಗ ಎಳೀರೋ ಕತ್ತೆಗಳಾ ಅಂತ ಬೈಯೋದು ಕಲೀತಿದ್ದೀನಿ."

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಹತ್ರ ಒಂದು ದಿನಾನೂ ಹಿಂಗೆ ಮಾತಾಡಿಲ್ಲ ನೀವು. ಆ ಕತ್ತೆಗಳು ಪಡ್ಕೊಂಡ್ ಬಂದಿದ್ದು ನಾನು ಪಡ್ಕೊಂಡ್ ಬರ್ಲಿಲ್ವಲ್ಲ," ಎಂದು ಅವಳು ಒದ್ದೆ ಅಂಗಿಯನ್ನು ಅವನ ಹೆಗಲಿಗೇ ಹಾಕಿ ಇಳಿದುಹೋದಳು.

ವಸಂತದಲ್ಲಿ ಕ್ರಿಸಾಂತೊನ ಹಡಗು ಬಿಡುಗಡೆಯಾಗಿ ಹೊರಟುಹೋಯಿತು. ದಸೂಕಿ ಬಿಡಲಿಲ್ಲ. ವರ್ಷಗಟ್ಟಲೆ, ಹತ್ತಿದ ಪ್ರತಿ ಹಡಗಿನಲ್ಲೂ ಇಲೊಯಿಲೊದವರು ಇದ್ದಾರೆಯೇ ಎಂದು ಹುಡುಕುತ್ತಿದ್ದ, ಸಿಕ್ಕರೆ ಅವರ ಬೆನ್ನು ಬಿಡುತ್ತಿರಲಿಲ್ಲ. ಅವರೂ ಅವನನ್ನು ಇಷ್ಟಪಟ್ಟರು, ಬೆನ್ನು ತಟ್ಟಿದರು, ನಮ್ಮ ಮಾತು ಎಷ್ಟು ಚೆನ್ನಾಗಿ ಆಡುತ್ತೀಯ ಎಂದು ಹೊಗಳಿದರು. ಆ ಹೊಗಳಿಕೆಯೇ ಅವನಿಗೆ ಮುಳ್ಳು. ತನ್ನ ಮಾತು ತಾನಾಡುವವನಿಗೆ ಚೆನ್ನಾಗಿ ಆಡುತ್ತೀಯ ಎಂದು ಯಾರಾದರೂ ಹೇಳುತ್ತಾರೆಯೇ? ಅವರಿಗೆ ಅವನ ದಪ್ಪ ಮೀಸೆ ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಓಣಿಯಲ್ಲಿ ಹಾಸಿದ ಬಟ್ಟೆ ಕಾಣುತ್ತಿತ್ತು. ಕಾವಲಿನವನು ಮಾತ್ರ ಅಲ್ಲೇ ಇರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ದಸೂಕಿ ಮೀನಿನ ಅನ್ನಕ್ಕೆ ಕೈ ಹಾಕಿದ್ದ, ಹಡಗಿನ ಏಜೆಂಟರ ಗುಮಾಸ್ತ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಹಡಗೊಂದರ ಎಂಜಿನ್ ಕೋಣೆಯಲ್ಲಿ ಉಗಿಯ ಕೊಳವೆ ಒಡೆದು ಒಬ್ಬ ಹುಡುಗನ ಕಣ್ಣಿಗೆ ಬಡಿದಿತ್ತು. ಹಡಗುಗಳು ಯಾರಿಗೂ ಕಾಯುವುದಿಲ್ಲ. ಹುಡುಗನನ್ನು ಇಳಿಸಿ ಆ ಹಡಗು ತನ್ನ ಸರದಿಯಲ್ಲಿ ಹೊರಟುಹೋಗಿತ್ತು. ಹುಡುಗನ ಹೆಸರು ರೆನಾಂತೆ, ಊರು ಇಲೊಯಿಲೊ ಹತ್ತಿರದ ಹಳ್ಳಿ. ಆ ಮಾತು ಬಲ್ಲವನು ನಮ್ಮೂರಿನಲ್ಲಿ ದಸೂಕಿ ಒಬ್ಬನೇ.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ರಗ್ದಾ ವಿಷಯವನ್ನು ನೇರವಾಗಿ ಹೇಳಿದರು. ಕಣ್ಣು ಉಳಿಯುತ್ತದೆ, ಆದರೆ ಎರಡಕ್ಕೂ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಿರಬೇಕು, ಹೊತ್ತುಹೊತ್ತಿಗೆ ಔಷಧಿ ಬೀಳಬೇಕು. ಹುಡುಗನೋ ಪಟ್ಟಿಯನ್ನು ಕಿತ್ತುಕಿತ್ತು ಎಸೆಯುತ್ತಿದ್ದಾನೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು, ಅವನಿಗೆ ಇಂಗ್ಲಿಷ್ ಬರುತ್ತದೆ ಕೂಡ. ಆದರೆ ನೋವಿನಲ್ಲಿ, ಕತ್ತಲೆಯಲ್ಲಿ, ಅಪರಿಚಿತರ ಕೈ ಮುಖದ ಮೇಲೆ ಬಂದಾಗ ಅವನು ಯಾರ ಮಾತನ್ನೂ ನಂಬಲು ತಯಾರಿರಲಿಲ್ಲ. ಕಣ್ಣು ಕೀಳಲು ಬಂದಿದ್ದಾರೆ ಎಂದೇ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ದಸೂಕಿ ಒಳಗೆ ಹೋದಾಗ ಇಬ್ಬರು ನರ್ಸುಗಳು ಹುಡುಗನ ಕೈ ಹಿಡಿದುಕೊಂಡಿದ್ದರು, ಅವನು ಅಮ್ಮನನ್ನು ಕರೆಯುತ್ತ ಒದ್ದಾಡುತ್ತಿದ್ದ. ದಸೂಕಿ ಬಾಗಿಲಲ್ಲೇ ನಿಂತು, ತಾರಸಿಯ ಮೇಲೆ ಪಳಗಿಸಿದ ಆ ದನಿಯಲ್ಲಿ ಇಲೊಂಗೊ ಮಾತಾಡಿದ.

"ತೋತೊ, ಕೈ ಕೆಳಗಿಡಪ್ಪ. ನಿನ್ನ ಕಣ್ಣು ಉಳಿಸ್ಬೇಕು ಅಂತ ಇವರು ಒದ್ದಾಡ್ತಿರೋದು, ಕೀಳ್ಬೇಕು ಅಂತಲ್ಲ."

ಹುಡುಗನ ಕೈ ಅಲ್ಲೇ ನಿಂತಿತು.

"ಮನೊಂಗ್?" ಎಂದ. ಅವರ ಕಡೆ ಹುಡುಗನನ್ನು ತೋತೊ ಎಂದೂ ಅಣ್ಣನನ್ನು ಮನೊಂಗ್ ಎಂದೂ ಕರೆಯುತ್ತಾರೆ. "ಮನೊಂಗ್, ಯಾವೂರು ನಿಮ್ದು?"

ಇಷ್ಟು ವರ್ಷ ಕಾದ ಮಾತು ಅದು. ಕಾಯುತ್ತಿದ್ದಾಗ ಅದು ಇಂಥ ಜಾಗದಲ್ಲಿ ಬರುತ್ತದೆಂದು ದಸೂಕಿ ಎಣಿಸಿರಲಿಲ್ಲ. ನಾನು ಈ ಊರಿನ ದೋಣಿಯವನು ಎಂದರೆ ಹುಡುಗನ ಕೈ ಮತ್ತೆ ಪಟ್ಟಿಗೆ ಹೋಗುತ್ತದೆ. ನಾವಿಕರ ಕಣ್ಣಿಗೆ ದೋಣಿಯವನೆಂದರೆ ಕಳ್ಳ, ಅದನ್ನು ದಸೂಕಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬಂದರಿನ ಹತ್ರ," ಎಂದ. ಅದು ಸುಳ್ಳೇನಲ್ಲ.

ರೆನಾಂತೆ ಗೋಳೋ ಎಂದು ಅತ್ತ, ಆಮೇಲೆ ಕೂಸಿನಂತೆ ಮಲಗಿದ. ನರ್ಸು ಪಟ್ಟಿ ಕಟ್ಟಿದಾಗ ಮಿಸುಕಲಿಲ್ಲ.

ಅಂದಿನಿಂದ ದಸೂಕಿ ತನ್ನ ದೋಣಿಯ ಸರದಿಯನ್ನು ತುಲ್ಬಾನಿಗೆ ಬಿಟ್ಟುಕೊಟ್ಟು ಬೆಳಗಾದರೆ ಆಸ್ಪತ್ರೆಗೆ ಹೋಗತೊಡಗಿದ. ಇನ್ಶಿರಾಹ್ ಕಟ್ಟಿಕೊಟ್ಟ ಬೇಳೆ ಸಾರನ್ನು ಹುಡುಗನಿಗೆ ಕುಡಿಸುತ್ತಿದ್ದ. ಔಷಧಿಯ ಹೊತ್ತಿಗೆ ಅವನ ಕೈ ಹಿಡಿದಿರುತ್ತಿದ್ದ. ಮಾತಿನ ನಡುವೆ ಇಲೊಯಿಲೊದ ಸುದ್ದಿ ಬಂದಾಗ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ನೀನೇ ಹೇಳಪ್ಪ, ನಾನು ಬಿಟ್ಟು ಬಂದು ಬಹಳ ಕಾಲವಾಯಿತು ಎಂದು ಜಾರಿಕೊಳ್ಳುತ್ತಿದ್ದ. ಹುಡುಗನಿಗೂ ಅದೇ ಬೇಕಿತ್ತು. ನದಿ, ಅಮ್ಮನ ಅಂಗಡಿ, ತಂಗಿಯ ಜಗಳ, ಎಲ್ಲವನ್ನೂ ಅವನು ಬಿಚ್ಚಿಟ್ಟ. ನಡುವೆ ಒಮ್ಮೆ, ಈ ಊರಿನ ದೋಣಿಯವರ ಬಗ್ಗೆ ಹುಷಾರಾಗಿರಿ ಮನೊಂಗ್, ಕಣ್ಣು ಮಿಟುಕಿಸುವುದರೊಳಗೆ ಕಾಲಿನ ಬೂಟು ಮಾಯ ಮಾಡುತ್ತಾರೆ ಎಂದು ಎಚ್ಚರಿಕೆಯನ್ನೂ ಕೊಟ್ಟ. ದಸೂಕಿ ಹೂಂ ಎಂದು ನುಂಗಿಕೊಂಡ. ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ, ತನ್ನವರನ್ನು ಬೈಸಿಕೊಂಡು ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಪಟ್ಟಿ ಬಿಚ್ಚುವ ದಿನ ಹತ್ತಿರ ಬಂತು. ಡಾಕ್ಟರ್ ರಗ್ದಾ ದಸೂಕಿಯನ್ನು ಕರೆದು, ಇನ್ನೂ ಕೆಲವು ವಾರ ಔಷಧಿ ಬೀಳಬೇಕು, ಹುಡುಗನಿಗೆ ಮೋಸ ಹೋದೆ ಅನ್ನಿಸಿದರೆ ಮತ್ತೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಬರುವುದೋ ಬಿಡುವುದೋ ನೀವೇ ಯೋಚಿಸಿ ಎಂದರು.

ತುಲ್ಬಾನಿಗೆ ಯೋಚಿಸಲು ಏನೂ ಇರಲಿಲ್ಲ.

"ಹೋಗ್ಬೇಡ. ಹಡಗು ಹತ್ತಿ ಹೊರಟುಹೋದ ಅಂತ ಹೇಳಿಸ್ಬಿಡು. ಅವನು ಸಾಯೋವರೆಗೂ ನೀನು ಅವರೂರೋನಾಗೇ ಇರ್ತೀಯ. ಇದಕ್ಕೇ ಅಲ್ವೇನೋ ನೀನು ಇಷ್ಟು ವರ್ಷ ಪಪಪ ಅಂದಿದ್ದು?"

ಮಾತು ದಸೂಕಿಗೆ ನಾಟಿತು. ಹುಡುಗನ ಕಣ್ಣಿಗೂ ಒಳ್ಳೆಯದು, ತನ್ನ ಆಸೆಗೂ ಒಳ್ಳೆಯದು. ಸಂಜೆ ಊಟಕ್ಕೆ ಕೂತಾಗ ಅದನ್ನೇ ಹೆಂಡತಿಗೆ ಹೇಳಿದ. ಇನ್ಶಿರಾಹ್ ಮೀನಿನ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕಿದಳು.

"ದನಿ ಅವರದ್ದೇ ಇರ್ಲಿ," ಎಂದಳು. "ಆದ್ರೆ ದಿನಾ ಹೋಗಿ ಅವನ ಕೈ ಹಿಡ್ಕೊಂಡು ಕೂತಿದ್ದು ಯಾರು? ನಮ್ಮ ಪೋರ್ಟ್ ಸೈದಿನೋನು. ಆ ಒಳ್ಳೇ ಹೆಸರನ್ನ ಇಲ್ಲದೇ ಇರೋ ಒಬ್ಬ ಮನುಷ್ಯನಿಗೆ ಯಾಕೆ ಬಿಟ್ಟುಕೊಡ್ತೀರಿ?"

ಮರುದಿನ ದಸೂಕಿ ದೋಣಿಯಲ್ಲಿ ತೊಡುವ ನೀಲಿ ಉಣ್ಣೆಯಂಗಿಯನ್ನೇ ತೊಟ್ಟು, ಮೀಸೆ ತೀಡಿಕೊಂಡು ಆಸ್ಪತ್ರೆಗೆ ಹೋದ. ಹುಡುಗ ಹೇಗೂ ತಲೆ ತಿರುಗಿಸಿಕೊಳ್ಳುತ್ತಾನೆ, ತಿರುಗಿಸಿಕೊಂಡರೆ ಕಾಲು ಹಿಡಿದಾದರೂ ಔಷಧಿ ಹಾಕಿಸುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಡಾಕ್ಟರು ಕಿಟಕಿಯ ಪರದೆ ಎಳೆದು ಪಟ್ಟಿ ಬಿಚ್ಚಿದರು. ರೆನಾಂತೆ ಕೆಂಪು ಕಣ್ಣುಗಳನ್ನು ಮೆಲ್ಲಗೆ ತೆರೆದ. ಡಾಕ್ಟರನ್ನು ನೋಡಿದ, ನರ್ಸನ್ನು ನೋಡಿದ, ಮಂಚದ ಕಾಲ ಬಳಿ ನಿಂತಿದ್ದ ದಪ್ಪ ಮೀಸೆಯವನನ್ನು ನೋಡಿ ಅವನನ್ನು ದಾಟಿಕೊಂಡು ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಕೋಣೆಯೆಲ್ಲ ಹುಡುಕಿದ. ಮತ್ತೆ ಮೀಸೆಯವನನ್ನು ದಾಟಿದ.

ಆ ಕ್ಷಣದಲ್ಲಿ ದಸೂಕಿಗೆ ಆದ ಹೆಮ್ಮೆ ಇಷ್ಟಿಷ್ಟಲ್ಲ. ಎದುರಿಗೇ ನಿಂತಿದ್ದರೂ ತನ್ನನ್ನು ಇನ್ನೆಲ್ಲೋ ಹುಡುಕುತ್ತಿದ್ದಾನೆ! ಆ ಹೆಮ್ಮೆಯನ್ನು ಒಂದು ಉಸಿರಿನಷ್ಟು ಹೊತ್ತು ಅನುಭವಿಸಿ, ಆಮೇಲೆ ಬಾಯಿ ಬಿಟ್ಟ.

"ಇಲ್ಲೇ ಇದ್ದೀನಿ ತೋತೊ. ನನ್ನ ಹೆಸರು ದಸೂಕಿ. ಈ ಊರಿನ ದೋಣಿಯೋನು, ನಮ್ಮಪ್ಪಾನೂ ದೋಣಿಯೋನೇ. ನೀನು ಬೈತಿದ್ದೆಯಲ್ಲ, ಅವರಲ್ಲಿ ನಾನೊಬ್ಬ."

ರೆನಾಂತೆ ಅವನ ಮೀಸೆಯನ್ನು ನೋಡಿದ, ತುಟಿಯನ್ನು ನೋಡಿದ. ಕಣ್ಣು ಮುಚ್ಚಿಕೊಂಡ. ಡಾಕ್ಟರು ಔಷಧಿಯ ಶೀಶೆ ಹಿಡಿದು ಕಾಯುತ್ತಿದ್ದರು.

"ಇನ್ನೊಂದ್ಸಲ ಹೇಳಿ," ಎಂದ.

ದಸೂಕಿ ಅದನ್ನೇ ಇನ್ನೊಮ್ಮೆ ಹೇಳಿದ, ಊರಿನ ಹೆಸರನ್ನೂ ಸೇರಿಸಿ. ಹುಡುಗ ಕಣ್ಣು ತೆರೆದ. ಮಂಚದ ಮೇಲೆ ಪಕ್ಕಕ್ಕೆ ಸರಿದು, ಕೂರಲು ಜಾಗ ಮಾಡಿ, ಆ ಜಾಗವನ್ನು ಅಂಗೈಯಿಂದ ತಟ್ಟಿದ.

ದಸೂಕಿ ಕೂತದ್ದೇ ತಡ, ರೆನಾಂತೆ ಮಾತು ಶುರು ಮಾಡಿದ. ಈ ಆಸ್ಪತ್ರೆಯ ಅನ್ನ ಹೇಗಿದೆ, ಹಡಗಿನವರು ತನ್ನ ಚೀಲ ಇಳಿಸಿದರೋ ಇಲ್ಲವೋ, ಅಮ್ಮನಿಗೆ ತಿಳಿದರೆ ಏನು ಗತಿ ಎಂದು ಅರ್ಧ ಮಾತು ನುಂಗುತ್ತ, ಅರ್ಧ ನಗುತ್ತ, ತನ್ನ ಹಳ್ಳಿಯ ಕಟ್ಟೆಯ ಮೇಲೆ ಕೂತಂತೆ ಆಡುತ್ತಲೇ ಹೋದ. ಡಾಕ್ಟರು ಶೀಶೆ ಎತ್ತಿದಾಗ ಮಾತು ನಿಲ್ಲಿಸದೆಯೇ ತಲೆ ಹಿಂದಕ್ಕೆ ವಾಲಿಸಿ ಕಣ್ಣು ಕೊಟ್ಟ. ಪರದೇಶಿಯ ಜೊತೆ ಆಡುವಾಗ ಯಾರೇ ಆಗಲಿ ಮಾತನ್ನು ಒಂದಿಷ್ಟು ನಿಧಾನ ಮಾಡುತ್ತಾರೆ, ಮಗುವಿಗೆ ಅನ್ನ ಕಿವುಚಿ ಕೊಟ್ಟ ಹಾಗೆ. ಎದುರಿಗೆ ಪೋರ್ಟ್ ಸೈದಿನ ದೋಣಿಯವನು ಕೂತಿದ್ದಾನೆಂದು ಕಣ್ಣಾರೆ ಕಂಡ ಮೇಲೂ ಆ ಹುಡುಗ ಒಂದೇ ಒಂದು ಮಾತನ್ನೂ ನಿಧಾನ ಮಾಡಲಿಲ್ಲ.