ದಂಡು ಸ್ಟೇಷನ್ನಿನಲ್ಲಿ ‘ಗಿಫ್ಟ್’

ಸೋದರತ್ತೆಯನ್ನು ಮದರಾಸಿನ ಅವರ ಮನೆಗೆ ಬಿಡಲು ಹೊರಟಿದ್ದೆ. ಬೆಂಗಳೂರಿನ ದಂಡು ಸ್ಟೇಷನ್ನಿನಲ್ಲಿ ಸೋಲ್ಜರುಗಳ ನೂಕುನುಗ್ಗಲು. ಪಕ್ಕದಲ್ಲಿದ್ದ, ಮಿಷನ್ ಆಸ್ಪತ್ರೆಯಲ್ಲಿದ್ದು ಕನ್ನಡ ಕಲಿತಿದ್ದ ಸ್ವೀಡನ್ನಿನ ನರ್ಸಮ್ಮನ ಬುಟ್ಟಿಯಿಂದ ಸೀಸೆಯೊಂದು ಉರುಳಿತು. ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಗಿಫ್ಟ್’ ಎಂದಿತ್ತು. ಉಡುಗೊರೆಯ ಅತ್ತರೆಂದುಕೊಂಡು ಎತ್ತಿ ಮೂಸಲು ಹೋದೆ. ಆಕೆ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

“ಮೂಸಬೇಡಿ! ನಮ್ಮ ಭಾಷೇಲಿ ಅದು ವಿಷ!”

ತಟ್ಟನೆ ಹಿಂದಿರುಗಿಸಿದೆ. ಸೀಸೆಯನ್ನು ಭದ್ರವಾಗಿಟ್ಟು ಆಕೆ ಬಿಡಿಸಿ ಹೇಳಿದರು: “ಕೊಡು ಅನ್ನೋದರಿಂದ ಬಂದ ಮಾತು. ಮೊದಲು ಕೊಟ್ಟ ಮದ್ದು ಅಂತಿತ್ತು, ಆಮೇಲೆ ವಿಷ ಆಯ್ತು. ಮದುವೆಯಾದವರಿಗೂ ಗಿಫ್ಟ್ ಅಂತೀವಿ.”

“ಅದು ಹ್ಯಾಗೆ?” ಎಂದೆ.

ಉತ್ತರ ಅತ್ತೆಯಿಂದ ಬಂತು. “ಅಷ್ಟೂ ತಿಳೀದೇನೋ? ಹನ್ನೆರಡು ವರ್ಷಕ್ಕೇ ನನ್ನನ್ನ ಮದರಾಸಿಗೆ ಕೊಟ್ರಲ್ಲ! ಇವರೂರಿನೋರು ಸರಿಯಾಗೇ ಹೇಳಿದಾರೆ.”

ನರ್ಸಮ್ಮ ನಗಲಿಲ್ಲ. ಬೆಂಚಿನ ಮೇಲೆ ಸರಿದು ಅತ್ತೆಗೆ ಜಾಗ ಮಾಡಿಕೊಟ್ಟರು.