ಮೇಣದ ಕೈ

ಅಕ್ಕೋರ ಬಲಗೈ ಬೆರಳುಗಳ ತುದಿ ಕಪ್ಪಗಿದ್ದವು. ಸಿಲ್ವರ್ ನೈಟ್ರೇಟ್ ತಾಗಿ ಆದ ಕಲೆ, ತೊಳೆದರೆ ಹೋಗುವಂಥದ್ದಲ್ಲ. ಬೋರ್ಡಿನ ಮೇಲೆ ಬರೆಯುವಾಗ ಬಿಳಿ ಸೀಮೆಸುಣ್ಣ ಹಿಡಿದ ಆ ಬೆರಳುಗಳು ಬೆಂಕಿಯಿಂದ ಈಗಷ್ಟೇ ಹೊರತೆಗೆದಂತೆ ಕಾಣುತ್ತಿದ್ದವು.

ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರು ಬ್ಯಾಡಗಿಯ ತಮ್ಮ ಮನೆಯಲ್ಲೇ, ಪ್ರವೇಶ ಪರೀಕ್ಷೆ ಬರೆಯುವ ಏಳೆಂಟು ಮಂದಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಮನೆ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರ. ಹಂಗಾಮಿನಲ್ಲಿ ಕಿಟಕಿ ಮುಚ್ಚಿದರೂ ಘಾಟು ಒಳಗೆ ಬಂದು ನಾವೆಲ್ಲ ಸೀನುತ್ತ ಕೂರುತ್ತಿದ್ದೆವು. ಅಕ್ಕೋರು ಸೀನಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಾನು ಕದರಮಂಡಲಗಿಯಿಂದ ಬಸ್ಸಿಗೆ ಬರುತ್ತಿದ್ದೆ. ಒಮ್ಮೆ ಪರೀಕ್ಷೆ ಬರೆದು ಸೀಟು ಸಿಗದೆ, ಇನ್ನೊಂದೇ ಒಂದು ವರ್ಷ ಎಂದು ಅಪ್ಪನನ್ನು ಒಪ್ಪಿಸಿ ಬಂದವಳು. ನನ್ನನ್ನು ಮುಳುಗಿಸಿದ್ದು ವಿದ್ಯುತ್ ರಸಾಯನಶಾಸ್ತ್ರ. ಬ್ಯಾಟರಿಯಲ್ಲಿ ಆನೋಡ್ ಋಣ, ಲೇಪನದ ತೊಟ್ಟಿಯಲ್ಲಿ ಅದೇ ಆನೋಡ್ ಧನ. ಎಷ್ಟು ಸಲ ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ತಿರುವುಮುರುವಾಗುತ್ತಿತ್ತು.

"ಚಿಹ್ನೆ ನೋಡಬ್ಯಾಡವಾ," ಎಂದರು ಅಕ್ಕೋರು. "ಎಲೆಕ್ಟ್ರಾನ್ ಕಳಕೊಂಡಿದ್ದು ಎಲ್ಲಿ ಅಂತ ಕೇಳು. ಕಳಕೊಂಡಲ್ಲಿ ಆನೋಡ್. ಪಡಕೊಂಡಲ್ಲಿ ಕ್ಯಾಥೋಡ್. ಎಲ್ಲಿ ಹೋದರೂ ಇದು ಬದಲಾಗೂದಿಲ್ಲ."

ಅಂದಿನಿಂದ ಅದರಲ್ಲಿ ನಾನು ತಪ್ಪಲಿಲ್ಲ.

ತರಗತಿ ಮುಗಿದ ಮೇಲೆ ಒಮ್ಮೆ ಹಿತ್ತಲ ಕೋಣೆಗೆ ಕರೆದೊಯ್ದರು. ತಗಡಿನ ಮಾಡು, ಮೇಜಿನ ಮೇಲೆ ನೀಲಿ ದ್ರಾವಣ ತುಂಬಿದ ಗಾಜಿನ ತೊಟ್ಟಿ, ಪಕ್ಕದಲ್ಲಿ ಬ್ಯಾಟರಿ ಮತ್ತು ಮೀಟರು. ಗೋಡೆಯ ಹಲಗೆಯ ಮೇಲೆ ತಾಮ್ರದ ಸಾಮಾನುಗಳು ಸಾಲಾಗಿದ್ದವು: ಒಂದು ಮೆಣಸಿನಕಾಯಿ, ಬೇವಿನ ಎಸಳು, ರೆಕ್ಕೆ ಬಿಚ್ಚಿದ ಪತಂಗ, ಗುಬ್ಬಿ ಮರಿ. ಗೊಂಬೆಗಳೆಂದುಕೊಂಡೆ. ಮೆಣಸಿನಕಾಯಿ ಎತ್ತಿದಾಗ ಒಳಗೆ ಬೀಜ ಗಲಗಲ ಎಂದಿತು.

"ಖರೇ ಮೆಣಸಿನಕಾಯೇ ಅದು. ಮ್ಯಾಲೆ ಗ್ರಾಫೈಟ್ ಪುಡಿ ಹಚ್ಚಿ, ಕ್ಯಾಥೋಡ್ ಮಾಡಿ ಮುಳುಗಿಸಿದ್ರ ತಾಮ್ರ ತಾನ ಬಂದು ಕುಂದರತೈತಿ. ಎಲ್ಲಾ ಕೈ ಕುದುರಲಿ ಅಂತ ಮಾಡಿದ್ದು."

ಗುಬ್ಬಿಯನ್ನು ನಾನು ಮುಟ್ಟಲಿಲ್ಲ. ಯಾವುದಕ್ಕಾಗಿ ಕೈ ಕುದುರಬೇಕಿತ್ತೆಂದು ಕೇಳಲೂ ಇಲ್ಲ.

ಅದು ಗೊತ್ತಾದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಕಣ್ಣು ತೋರಿಸಿಕೊಳ್ಳಲು ಅಕ್ಕೋರು ಹಾವೇರಿಗೆ ಹೋಗಬೇಕಿತ್ತು. ಹಿತ್ತಲ ಕೋಣೆಯಲ್ಲಿ ಕೂತು ಮೀಟರು ನೋಡುತ್ತಿರಲು ನನಗೆ ಹೇಳಿದರು. ತೊಟ್ಟಿಯಲ್ಲಿ ಒಂದು ಸಣ್ಣ ಕೈ ನೇತಾಡುತ್ತಿತ್ತು. ಮಣಿಕಟ್ಟಿನವರೆಗಿನ, ಮಗುವಿನ ಕೈ. ಗ್ರಾಫೈಟಿನ ಕಪ್ಪಿನ ಮೇಲೆ ಅಲ್ಲಲ್ಲಿ ತಾಮ್ರ ಹತ್ತತೊಡಗಿತ್ತು.

ನಾನು ಹಿಂದೆ ಸರಿದದ್ದನ್ನು ಅವರು ನೋಡಿದರು.

"ಮೇಣದ್ದು," ಎಂದರು. "ನನ್ನ ಮಗಳು ಸಾಲಿ ಪ್ರದರ್ಶನಕ್ಕ ಬೆಚ್ಚಗಿನ ಮೇಣದಾಗ ಕೈ ಅದ್ದಿ, ಕೈಗವಸು ಕಳದಂಗ ಕಳದು ಮಾಡಿದ್ಲು. ಎಂಟು ವರ್ಷದಕಿ. ಅದೇ ವರ್ಷ ಜ್ವರ ಬಂದು ಹೋದ್ಲು. ಇಪ್ಪತ್ತು ಬ್ಯಾಸಗಿ ಕಾಯ್ದೆ ಇದನ್ನ, ನೀರಿನ ಗಡಿಗ್ಯಾಗ ಇಟ್ಟು. ಈಗ ಬಾಗಾಕತ್ತೇತಿ."

"ಆಮ್ಯಾಲೆ ಮೇಣ ಕರಗಿಸಿ ತಗೀತೀರಿ ಏನ್ರಿ?"

"ಇಲ್ಲ. ಅಕಿ ಕೈ ಗೆರಿ ಮೇಣದ ಒಳಗಿನ ಮೈಗೆ ಅದಾವು." ಚೀಲ ಹೆಗಲಿಗೇರಿಸಿದರು. "ಅರ್ಧ ಆಂಪಿಯರ್ ದಾಟಬಾರದು. ನಡುವ ನಿಲ್ಲಿಸಲೂಬಾರದು, ಪದರು ಬಿಟ್ಟು ಬರತೈತಿ."

ಅವರು ಹೋದ ಮೇಲೆ ಫ್ಯಾರಡೆಯ ನಿಯಮದಿಂದ ಲೆಕ್ಕ ಹಾಕಿದೆ. ಅರ್ಧ ಆಂಪಿಯರಿಗೆ ಗಂಟೆಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತಾಮ್ರ. ಹೀಗಾದರೆ ದಿನಗಟ್ಟಲೆ ಬೇಕು. ಆ ಕೈಯ ಎದುರು ಕೂರುವುದು ನನ್ನಿಂದಾಗುತ್ತಿರಲಿಲ್ಲ. ಬೇಗ ಮುಗಿದರೆ ಅವರಿಗೂ ಒಳ್ಳೆಯದೆಂದು ನನಗೆ ನಾನೇ ಹೇಳಿಕೊಂಡು ಪ್ರವಾಹವನ್ನು ಎರಡು ಆಂಪಿಯರಿಗೆ ಏರಿಸಿ, ತೊಟ್ಟಿಗೆ ಬೆನ್ನು ಮಾಡಿ ಪುಸ್ತಕ ಹಿಡಿದೆ.

ಎರಡು ಗಂಟೆ ಕಳೆದಿರಬೇಕು. ಮಾಡಿನ ತಗಡು ಟಣ್ ಟಣ್ ಎಂದು ಕಾಯುತ್ತಿತ್ತು. ಯಾರೋ ಹಿಂದೆ ನಿಂತಂತೆ ಅನ್ನಿಸಿತು. ತಿರುಗಿದೆ. ಯಾರೂ ಇರಲಿಲ್ಲ. ನೀಲಿ ನೀರಿನಲ್ಲಿ ಕೈ ಹಾಗೆಯೇ ಇತ್ತು, ಆದರೆ ನೆಟ್ಟಗಿದ್ದ ತೋರುಬೆರಳು ಒಳಕ್ಕೆ ಮಡಚಿಕೊಂಡಿತ್ತು. ಹತ್ತಿರ ಬಾ ಎಂದು ಕರೆಯುವ ಹಾಗೆ.

ಬಾಗಿಲವರೆಗೆ ಓಡಿದೆ. ಹೊಸ್ತಿಲಲ್ಲಿ ನಿಂತಾಗ ಅಕ್ಕೋರ ಇಪ್ಪತ್ತು ಬೇಸಿಗೆ ನೆನಪಾದವು. ಮರಳಿ ಬಂದು ತೊಟ್ಟಿಯ ಗಾಜು ಮುಟ್ಟಿದೆ. ಬಿಸಿಯಾಗಿತ್ತು. ಪ್ರವಾಹ ಹೆಚ್ಚಾಗಿ ದ್ರಾವಣ ಕಾದು, ತಾಮ್ರ ಇನ್ನೂ ಸರಿಯಾಗಿ ಹತ್ತದ ಬೆರಳು ಮೆತ್ತಗಾಗಿ ಬಾಗಿತ್ತು. ಅಷ್ಟೇ. ಅಷ್ಟೇ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಪ್ರವಾಹ ಇಳಿಸಿ, ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಅದು ಒಣಗಿದಂತೆಲ್ಲ ನೀರು ಹಾಕುತ್ತ ಅವರು ಬರುವವರೆಗೆ ಕಣ್ಣು ತೆಗೆಯದೆ ಕೂತೆ.

ಅಕ್ಕೋರು ಬಂದು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು.

"ನಾನ ಕರೆಂಟ್ ಎರಡು ಆಂಪಿಯರಿಗೆ ಏರಿಸಿದೆರಿ ಅಕ್ಕೋರ, ಎರಡು ತಾಸು. ತಪ್ಪಾತ್ರಿ."

ಅವರು ನನ್ನ ಕಡೆ ತಿರುಗಲಿಲ್ಲ. "ಅಕಿ ಹಿಂಗ ಕರೀತಿದ್ಲು ನನ್ನ," ಎಂದರು. "ಬಾಯಿಲೆ ಕರೀತಿದ್ದಿಲ್ಲ. ಬಾಗಲದಾಗ ನಿಂತು, ಹಿಂಗ ಒಂದ ಬೆರಳು."

ಆಮೇಲೆ ಅವರು ಮಾಮೂಲಿ ದನಿಯಲ್ಲಿ ಕೇಳಿದರು: "ಎರಡು ಆಂಪಿಯರ್, ಎರಡು ತಾಸು. ಎಷ್ಟು ಗ್ರಾಮು ಕುಂತಿರತೈತಿ? ಬರಿ."

ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಉತ್ತರ ಸರಿಯಿತ್ತು.

ಆ ವರ್ಷ ಸೀಟು ಸಿಕ್ಕಿತು. ಈಗ ರಾಣೆಬೆನ್ನೂರಿನಲ್ಲಿ ನಾನೇ ರಸಾಯನಶಾಸ್ತ್ರ ಕಲಿಸುತ್ತೇನೆ. ಅವರನ್ನು ನೋಡಲು ಹೋದಾಗಲೆಲ್ಲ ತಾಮ್ರದ ಕೈ ಅವರ ಹಾಸಿಗೆಯ ಪಕ್ಕದಲ್ಲಿರುತ್ತಿತ್ತು, ಬೆರಳು ಅವರ ಕಡೆಗೆ.

ಹೋದ ಚಳಿಗಾಲ ಅಕ್ಕೋರು ತೀರಿಕೊಂಡರು. ಹೆಂಗಸರು ಸುಡುಗಾಡಿಗೆ ಬರಬಾರದೆಂದು ಹೇಳಲು ಅಲ್ಲಿ ಅಷ್ಟು ಜನವೇ ಇರಲಿಲ್ಲ. ಅವರ ಇಚ್ಛೆಯಂತೆ ಅಕ್ಕೋರ ತಮ್ಮನವರು ಆ ಕೈಯನ್ನು ಅವರ ಎದೆಯ ಮೇಲಿಟ್ಟರು. ಚಿತೆ ಹೊತ್ತಿಕೊಂಡ ಮೇಲೆ ನಡುವಿನಿಂದ ಹಸಿರು ಜ್ವಾಲೆ ಎದ್ದಿತು. ನಿಂತಿದ್ದ ನಾಲ್ಕೈದು ಜನ ಹಿಂದೆ ಸರಿದರು.

"ಏನವಾ ಅದು?" ತಮ್ಮನವರು ನನ್ನನ್ನು ಕೇಳಿದರು.

"ತಾಮ್ರರಿ ಕಾಕಾ. ತಾಮ್ರಕ್ಕ ಉರಿ ತಾಗಿದ್ರ ಹಂಗ ಬಣ್ಣ ಬರತೈತಿ."

ಹೇಳಿದ್ದು ನಿಜವೇ. ಆದರೂ ಅದನ್ನು ನೋಡುತ್ತ ನಿಲ್ಲುವುದು ನನಗೂ ಕಷ್ಟವಾಯಿತು.

ಮೂರನೆಯ ದಿನ ಬೂದಿಯಲ್ಲಿ ಕೈ ಸಿಕ್ಕಿತು. ಕಪ್ಪಾಗಿತ್ತು, ಕರಗಿರಲಿಲ್ಲ. ಒಳಗೆ ಏನೂ ಉಳಿದಿರಲಿಲ್ಲ. ತಮ್ಮನವರು ಅದನ್ನು ಮುಟ್ಟಲು ಹಿಂಜರಿದರು, ನಾನೇ ಎತ್ತಿಕೊಂಡೆ. ಐರಣಿಯಲ್ಲಿ ಹೊಳೆಗೆ ಬೂದಿ ಬಿಟ್ಟ ಮೇಲೆ ಅದನ್ನೂ ಬಿಟ್ಟೆವು. ತಂಬಿಗೆಯಂತೆ ಬಾಯಿ ಮೇಲೆ ಮಾಡಿ ಸ್ವಲ್ಪ ದೂರ ತೇಲಿತು. ಆಮೇಲೆ ನೀರು ತುಂಬಿಕೊಂಡು ಇಳಿಯಿತು.

"ಮಗಳು ಅವ್ವನ್ನ ಕರಕೊಂಡ್ಲು ಬಿಡವಾ," ಎಂದರು ತಮ್ಮನವರು.

ನಾನು ಬಗ್ಗಿ, ಬೆರಳಿಗೆ ಹತ್ತಿದ್ದ ಕಪ್ಪನ್ನು ಹೊಳೆಯ ನೀರಿನಲ್ಲಿ ತೊಳೆದುಕೊಂಡೆ.