ತೌಡಿನ ಗಡಿಗೆ, ಅವ್ವನ ಬಳೆಡಬ್ಬಿ

ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯುತ್ತಿದ್ದ ಕಾಲ ಅದು. ಮುಂಗಾರಿಗೆ ಮುಂಚೆ ಜಗಳೂರು ಸೀಮೆಯ ಯಾವ ಮನೆಗೆ ಹೋದರೂ ಪಡಸಾಲೆಯ ತುಂಬ ಸಿಪ್ಪೆ, ಮೂಗಿನ ತುಂಬ ಅದರ ಮಣ್ಣುವಾಸನೆ. ಬುಟ್ಟಿಗೆ ಬಿದ್ದಷ್ಟೇ ಕಾಳು ನಮ್ಮ ಬಾಯಿಗೂ ಬೀಳುತ್ತಿತ್ತು, ಜೊತೆಗೆ ಚೂರು ಬೆಲ್ಲ. ಬೆರಳು ನೋಯುವುದು ಗೊತ್ತಾಗದಿರಲೆಂದು ದೊಡ್ಡವರು ಮಕ್ಕಳನ್ನು ರೇಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ನಾನೇ ಸಿಕ್ಕುತ್ತಿದ್ದೆ.

ಅವ್ವನಿಗೂ ಅಕ್ಕನಿಗೂ ಸೊಂಟ ಮುಟ್ಟುವ ನೇರ ಕೂದಲು. ನನ್ನದು ಬಾಚಣಿಗೆ ಮುರಿಯುವ ಗುಂಗುರು. "ಇದಕ್ಕೆ ಇಂಥ ಕೂದಲು ಎಲ್ಲಿಂದ ಬಂತು?" ಎಂದು ಪಕ್ಕದ ಮನೆಯವರು ಕೇಳಿದರೆ ಅವ್ವ ನಗು ತಡೆದುಕೊಂಡು, "ಸಂತೆಯಾಗೆ ಒಂದು ಗಡಿಗೆ ತೌಡು ಕೊಟ್ಟು ತಂದಿದ್ದು ಕಣ್ರೀ ಇದನ್ನ" ಎನ್ನುತ್ತಿದ್ದಳು. ಎಲ್ಲರ ಮನೆಯಲ್ಲೂ ಹೇಳುವ ಮಾತೇ. ನಾಲ್ಕನೇ ಕ್ಲಾಸಿನಲ್ಲಿದ್ದ ನಾನು ಮಾತ್ರ ನಂಬಿಬಿಟ್ಟೆ.

ನಂಬಿದ ಮೇಲೆ ಹೆದರಿಕೆ ಶುರುವಾಯಿತು. ಮಾರಿದವರು ವಾಪಸ್ ಕೇಳಿಕೊಂಡು ಬಂದರೆ? ನಾನೇ ಒಂದು ದಾರಿ ಹುಡುಕಿದೆ. ಎಮ್ಮೆಗೆ ಕಲಸುವ ತೌಡಿನಲ್ಲಿ ದಿನಾ ಒಂದು ಹಿಡಿ ಎತ್ತಿ ಅಟ್ಟದ ಹಳೆಯ ಗಡಿಗೆಗೆ ಸುರಿಯತೊಡಗಿದೆ. ಅವರು ಬಂದರೆ ಮತ್ತೊಂದು ಗಡಿಗೆ ತೌಡು ಕೊಟ್ಟು ನನ್ನನ್ನು ನಾನೇ ಕೊಂಡುಕೊಳ್ಳುವುದು, ಅವ್ವನ ಹತ್ತಿರವೇ ಉಳಿಯುವುದು.

ಕೊನೆಗೆ ಮುಗ್ಗಲು ವಾಸನೆ ಹಿಡಿದು ಅವ್ವ ಅಟ್ಟ ಹತ್ತಿದಳು. ಗಡಿಗೆ ಇಳಿಸಿ, "ಇದೇನಿದು?" ಎಂದಳು. ಅಳುತ್ತಲೇ ಎಲ್ಲ ಹೇಳಿದೆ. ಅವ್ವ ನಗಲಿಲ್ಲ. ಅಲ್ಲೇ ಗೋಡೆಗೊರಗಿ ಕೂತು ನನ್ನನ್ನು ಎಳೆದುಕೊಂಡು ತಬ್ಬಿ, ಅದು ಬರೀ ತಮಾಷೆಗೆ ಹೇಳಿದ್ದು ಎಂದಳು. ನನಗೆ ಮಾತ್ರ ಸಮಾಧಾನವಿಲ್ಲ.

"ಮತ್ತೆ ನನ್ನ ಕೂದಲು ಯಾಕೆ ಹಿಂಗೈತೆ?"

ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದ ಅಕ್ಕ ರಜೆಗೆ ಬಂದಿದ್ದಳು. ಅವಳು ಅವ್ವನ ಬಳೆಡಬ್ಬಿ ತೆರೆದು ಮೂರು ಅಳತೆಯ ಬಳೆಗಳನ್ನು ಆರಿಸಿದಳು. ಒಂದೊಂದು ಅಳತೆಯಲ್ಲೂ ಒಂದು ಕೆಂಪು, ಒಂದು ಹಸಿರು.

"ಇದು ಅಪ್ಪನ ಮೈ ಅಂದ್ಕೋ. ಕೆಂಪು ಬಳೆ ಅಪ್ಪಂಗೆ ಅವರವ್ವ ಕೊಟ್ಟಿದ್ದು, ಹಸಿರು ಅವರಪ್ಪ ಕೊಟ್ಟಿದ್ದು. ನಿನಗೆ ಕೊಡಾಕೆ ಒಂದೊಂದು ಜೊತೆಯಾಗೆ ಒಂದೇ ತೆಗೀಬೇಕು. ಕಣ್ಣು ಮುಚ್ಚಿ ತೆಗಿ."

ದೊಡ್ಡದು ಕೆಂಪು ಬಂತು, ನಡುವಿನದೂ ಚಿಕ್ಕದೂ ಹಸಿರು. ವಾಪಸ್ ಹಾಕಿ ಮತ್ತೆ ತೆಗೆದರೆ ಬೇರೆಯೇ ಥರ.

"ನೋಡಿದ್ಯಾ, ದೊಡ್ಡದು ಕೆಂಪು ಬಂತು ಅಂತ ಸಣ್ಣದೂ ಕೆಂಪೇ ಬರ್ಬೇಕು ಅಂತಿಲ್ಲ. ಒಂದು ಜೊತೆ ಇನ್ನೊಂದರ ಮಾತು ಕೇಳಲ್ಲ. ಮೂರು ಜೊತೆಗೇ ಎಂಟು ಥರ ಆಗತೈತೆ. ನಮ್ಮ ಮೈಯಾಗೆ ಈ ಬಳೆಯಂಗೇ ಇಪ್ಪತ್ತಮೂರು ಜೊತೆ ವರ್ಣತಂತು ಇರ್ತಾವೆ, ಕೂದಲು ಮೂಗು ಎಲ್ಲ ಅವುಗಳಿಂದಲೇ ಬರೋದು. ಲೆಕ್ಕ ಎಂಬತ್ತು ಲಕ್ಷ ದಾಟತೈತೆ. ಅವ್ವನ ಕಡೆಯಿಂದಲೂ ಅಷ್ಟೇ. ನಾನೂ ನೀನೂ ಒಂದೇ ಥರ ಇರಾಕೆ ಹೆಂಗಾಗತೈತೆ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆಯ ಟವೆಲ್ ತೆಗೆದ. ಅವನ ಕೂದಲು ಯಾವಾಗಲೂ ಗಿಡ್ಡಗೆ ಕತ್ತರಿಸಿದ್ದೇ. "ಬೆಳೆಯಾಕೆ ಬಿಟ್ರೆ ನಂದೂ ಗುಂಗುರೇ ಕಣವ್ವ. ನಮ್ಮವ್ವಂದು ನಿನ್ನಂಗೇ ಇತ್ತು" ಎಂದ. ಆ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅವತ್ತು ಮೊದಲ ಸಲ ನನ್ನ ಕೂದಲ ಮೇಲೆ ನನಗೆ ಪ್ರೀತಿ ಬಂತು.

"ಹಂಗಾದ್ರೆ ತೆಗೀದೆ ಉಳಿದ ಬಳೆ?" ಎಂದು ಅಕ್ಕನನ್ನು ಕೇಳಿದೆ.

"ಡಬ್ಬಿಯಾಗೇ ಉಳೀತಾವೆ" ಎಂದಳು. ಆಗ ಅವ್ವ ನಕ್ಕಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು.

ಅಂಡ, ವೀರ್ಯಾಣು, ಜೊತೆ ಬಿಡಿಸಿ ಒಂದೊಂದೇ ಹಂಚುವ ಮಿಯಾಸಿಸ್ ಎಂಬ ಹೆಸರುಗಳನ್ನು ಹೈಸ್ಕೂಲಿನಲ್ಲಿ ಕಲಿತೆ. ಮೇಷ್ಟ್ರು ಪಾಠ ಮಾಡುತ್ತಿದ್ದರೆ ನನಗೆ ಬಳೆಯ ಸದ್ದು ಕೇಳುತ್ತಿತ್ತು. ಈಗ ಶೇಂಗಾ ಸುಲಿಯಲು ಮಷೀನು ಬಂದಿದೆ. ಮಕ್ಕಳನ್ನು ರೇಗಿಸುತ್ತ ಕೂರುವ ಕೆಲಸ ಯಾರ ಪಡಸಾಲೆಯಲ್ಲೂ ಇಲ್ಲ. ಅವ್ವ ಹೋಗಿ ವರ್ಷಗಳಾದವು. ಅವಳ ಮೂಗು ಅಕ್ಕನಿಗಿದೆ, ಅವಳ ಬೆರಳು ನನಗಿವೆ, ನನ್ನ ಗುಂಗುರು ನನ್ನ ಮಗಳಿಗೆ ಹೋಗಿದೆ. ಹಬ್ಬಕ್ಕೆ ಸೇರಿದಾಗ ಅಕ್ಕನೂ ನಾನೂ ಒಬ್ಬರಿಗೊಬ್ಬರು ಹೇಳದೆ, ನಗುವ ಮಕ್ಕಳ ಎಡಗೆನ್ನೆಯನ್ನೇ ನೋಡುತ್ತೇವೆ. ಆ ಗುಳಿ ಯಾರಿಗೂ ಬಂದಿಲ್ಲ. ಅದು ಅವ್ವನ ಡಬ್ಬಿಯಲ್ಲೇ ಉಳಿಯಿತು.